ಮೀಸಲ ನೀರು

ನಮ್ಮ ಮನೆಯಲ್ಲಿ ಮೂರು ತರದ ನೀರಿತ್ತು. ಮೂರನ್ನೂ ಮೂರು ಕಡೆ ಇಡುತ್ತಿದ್ದರು. ಒಂದರ ತಂಬಿಗೆಯನ್ನು ಇನ್ನೊಂದರಲ್ಲಿ ಅದ್ದಿದರೆ ಬೆನ್ನಿಗೆ ಗುದ್ದು ಬೀಳುತ್ತಿತ್ತು. ತಲಬಾಗಿಲು ದಾಟಿದ ಕೂಡಲೇ ಎಡಗಡೆ ಎಮ್ಮೆ ಕಟ್ಟುವ ಅಂಕಣ, ಅಲ್ಲಿನ ಕಲ್ಲು ದೋಣಿಯಲ್ಲಿ ಸವಳು ನೀರು. ಅದು ಊರ ಬಾವಿಯದು. ನೋಡಲು ಎಷ್ಟು ತಿಳಿಯೋ ಬಾಯಿಗೆ ಅಷ್ಟೇ ಉಪ್ಪು. ಅದರಲ್ಲಿ ಬೇಳೆ ಹಾಕಿ ಸಂಜೆಯವರೆಗೆ ಕುದಿಸಿದರೂ ಬೇಯುತ್ತಿರಲಿಲ್ಲ, ತಲೆ ತೊಳೆದರೆ ಕೂದಲು ಗಂಟುಗಟ್ಟುತ್ತಿತ್ತು. ಮೊರಬ ಊರಿನಾಚೆಯ ನಮ್ಮ ಎರಿಯ ಕಪ್ಪು ಭೂಮಿಯಲ್ಲಿ ಎಲ್ಲಿ ತೋಡಿದರೂ ಇದೇ ನೀರು. ಬಾವಿ ತುಂಬ ನೀರಿಟ್ಟುಕೊಂಡು ಬಾಯಾರಿ ಕೂಡುವುದು ಹೇಗೆಂದು ಹೊರಗಿನವರು ಈಗಲೂ ನನ್ನನ್ನು ಕೇಳುತ್ತಾರೆ. ಒಂದು ಸಲ ಬಂದು ಕುಡಿದು ನೋಡಿ ಎನ್ನುತ್ತೇನೆ. ಎರಡನೆಯದು ಕೆರೆಯ ನೀರು. ಅಡಿಗೆಮನೆಯ ಬಾಗಿಲ ಹಿಂದೆ ಮಣ್ಣಿನ ಎರಡು ದೊಡ್ಡ ಹರವಿಗಳಲ್ಲಿ ಅದು ಇರುತ್ತಿತ್ತು. ಚಹಾದ ಬಣ್ಣದ ಆ ನೀರನ್ನು ಅಪ್ಪನ ಹಳೆಯ ಧೋತರದ ನಾಲ್ಕು ಮಡಿಕೆಯಲ್ಲಿ ಸೋಸಿ ತುಂಬುತ್ತಿದ್ದರು. ಕುಡಿಯಲು, ಅಡಿಗೆಗೆ ಅದೇ. ಮೂರನೆಯದು ನಡುಮನೆಯ ದೇವರ ಜಗಲಿಯ ಮೇಲೆ, ಸಣ್ಣ ತಾಮ್ರದ ಕೊಡದಲ್ಲಿ. ಅದೇ ಮೀಸಲ ನೀರು. ಅದು ಆಯಿಯದು, ಅಂದರೆ ನನ್ನ ಅಪ್ಪನ ತಾಯಿಯದು. ಆಕೆಯನ್ನು ಕೇಳಿದರೆ ಅದು ಲಿಂಗದ್ದು.

ಆಯಿ ಲಿಂಗಪೂಜೆ ಆಗದ ಹೊರತು ಬಾಯಿಗೆ ಹನಿ ನೀರು ಹಾಕಿದವಳಲ್ಲ. ಪೂಜೆಗೆ ಮೀಸಲ ನೀರೇ ಬೇಕು. ಮೀಸಲ ನೀರೆಂದರೆ ಬೇರೆ ನೀರೇನೂ ಅಲ್ಲ, ಅದೇ ಕೆರೆಯದು. ಆದರೆ ತರುವವಳು ಮನೆಯ ಹೊಸ್ತಿಲು ದಾಟಿದಾಗಿನಿಂದ ಕೊಡವನ್ನು ಜಗಲಿಯ ಮೇಲೆ ಇಳಿಸುವವರೆಗೆ ಒಂದೂ ಮಾತಾಡಬಾರದು. ನೀರು ತುಂಬಿದ ಮೇಲೆ ಕೊಡ ನೆಲ ಮುಟ್ಟಬಾರದು. ದಾರಿಯಲ್ಲಿ ಯಾರ ಮಾತಿಗಾದರೂ 'ಹೂಂ' ಅಂದರೂ ಸಾಕು, ನೀರು ಕೆಟ್ಟಿತು. ಅದನ್ನು ಹರವಿಗೆ ಸುರಿದು ಮತ್ತೆ ಹೋಗಬೇಕು. ಆಯಿಯ ಮೊಣಕಾಲು ಹೋದ ಮೇಲೆ ಈ ಕೆಲಸ ಅವ್ವನಿಗೆ ಬಂದಿತ್ತು, ನನಗೆ ಹತ್ತು ವರ್ಷವಾದಾಗ ನನಗೆ ಬಂತು. ನಾನು ಹುಟ್ಟಾ ವಟವಟ ಹುಡುಗಿ. ಮೊದಲ ತಿಂಗಳು ಎಷ್ಟು ಕೊಡ ಕೆಡಿಸಿದೆನೋ ಲೆಕ್ಕವಿಲ್ಲ. ಆಮೇಲೆ ಬಾಯಿ ಬಿಗಿಯುವುದು ರೂಢಿಯಾಯಿತು. ಜನರಿಗೂ ಗೊತ್ತಿತ್ತು. ಬೆಳಿಗ್ಗೆ ಹಣೆಯ ಮೇಲೆ ಮೂರು ಬೆರಳು ವಿಭೂತಿ ಬಳಿದುಕೊಂಡು, ತುಟಿ ಬಿಗಿದು ಹೊರಟ ಹುಡುಗಿಯನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ಎದುರಿಗೆ ಬಂದವರು ಬಾಜೂ ಸರಿದು ದಾರಿ ಬಿಡುತ್ತಿದ್ದರು. ಹತ್ತು ವರ್ಷದ ಹುಡುಗಿಗೆ ದೊಡ್ಡವರು ದಾರಿ ಬಿಡುವುದೆಂದರೆ ಸಣ್ಣ ಮಾತಲ್ಲ; ನನಗೆ ಅದರ ಸೊಕ್ಕು ಇತ್ತು.

ಮನೆಯಲ್ಲಿ ನಾವು ಮೂವರೇ, ಆಯಿ, ಅವ್ವ, ನಾನು. ಅಪ್ಪ ಕಬ್ಬು ಕಡಿಯುವ ಗುಂಪಿನ ಜೊತೆ ಹೋದವನು ಹಂಗಾಮು ಮುಗಿದ ಮೇಲೆ ಬರುತ್ತಿದ್ದ. ನಮ್ಮದೂ ಹೊಲ ಇತ್ತು, ಸಣ್ಣದು. ಅದರ ಬದುವಿಗೆ ಹತ್ತಿಕೊಂಡೇ ಕಾಲುವೆ ತೋಡಿ ಮುಗಿಸಿದ್ದರು. ಆದರೆ ಅದರಲ್ಲಿ ನೀರು ಬಂದಿರಲಿಲ್ಲ. ನಾವು ಕಾಲುವೆಯ ಬಾಲದವರು. ಮೇಲಿನವರ ಹೊಲ ಕುಡಿದು ಉಳಿದರೆ ನಮಗೆ ಎಂದು ಹೇಳಿದ್ದರು, ಹೇಳಿದವರು ಯಾರೆಂದು ಯಾರಿಗೂ ನೆನಪಿರಲಿಲ್ಲ. ಒಣ ಕಾಲುವೆಯಲ್ಲಿ ನಾವು ಹುಡುಗರು ಓಡಾಡುತ್ತಿದ್ದೆವು, ಕುರಿಯವರು ಕುರಿ ಹೊಡೆಯುತ್ತಿದ್ದರು. ಹೀಗಾಗಿ ಅವ್ವ ಬೇರೆಯವರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳು. ಬೆಳಿಗ್ಗೆ ಜೋಳದ ರೊಟ್ಟಿ ಬಡಿದು, ಖಾರದ ಹಿಂಡಿ ಕುಟ್ಟಿಟ್ಟು, ಹೊತ್ತು ಏರುವುದರೊಳಗೆ ಹೊರಟುಬಿಡಬೇಕು. ಆಕೆಗೆ ಓದು ಬರುತ್ತಿರಲಿಲ್ಲ. ನಾನು ಕೂಸಾಗಿದ್ದಾಗ ಮೈ ಸುಡುತ್ತದೆಂದು ಎತ್ತಿಕೊಂಡು ನವಲಗುಂದದ ದವಾಖಾನೆಗೆ ಹೊರಟವಳು ಬಸ್ಸಿನ ಬೋರ್ಡು ಓದಲಾಗದೆ ಅಣ್ಣಿಗೇರಿಗೆ ಹೋಗಿ ಇಳಿದಿದ್ದಳಂತೆ. ಅದನ್ನು ಎಲ್ಲರ ಮುಂದೆ ನಗುತ್ತಲೇ ಹೇಳುತ್ತಿದ್ದಳು. ಆದರೆ ಆ ದಿನವೇ ನನ್ನನ್ನು ಶಾಲೆ ಬಿಡಿಸಬಾರದೆಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದಳು ಎನ್ನುವುದು ನನಗೆ ಬಹಳ ತಡವಾಗಿ ತಿಳಿಯಿತು.

ಶಾಲೆಯೆಂದರೆ ನನಗೆ ಮಮ್ತಾಜ್. ನಮ್ಮ ಓಣಿಯ ಕೊನೆಯಲ್ಲಿ ಅವರ ಮನೆ. ಅವರಪ್ಪ ಮಗ್ಗದವನು, ಅವ್ವ ಮೌಲಾಬಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಾ, ಮಗ್ಗದ ಸದ್ದಿಗಿಂತ ಗಟ್ಟಿಯಾಗಿ ಓಣಿಯವರ ಜೊತೆ ಮಾತಾಡುತ್ತಾ ಕೂಡುತ್ತಿದ್ದಳು. ಜಗಳಕ್ಕೆ ನಿಂತರೆ ಮೌಲಾಬಿಯನ್ನು ಗೆದ್ದವರಿಲ್ಲ. ಮಮ್ತಾಜಳಿಗೂ ನನಗೂ ಬಳಪದಿಂದ ಬರೆಯಲು ಒಂದೇ ಪಾಟಿ. ಒಂದು ಬದಿ ಆಕೆಯದು, ಒಂದು ಬದಿ ನನ್ನದು. ಲೆಕ್ಕದಲ್ಲಿ ನಾನು ಅಗದಿ ದಡ್ಡಿ. ಮಾಸ್ತರು ಬರುವುದರೊಳಗೆ ಆಕೆ ಪಾಟಿ ಹೊರಳಿಸಿ ನನ್ನ ಬದಿಯ ಲೆಕ್ಕವನ್ನೂ ಬಿಡಿಸಿಬಿಡುತ್ತಿದ್ದಳು. ನಾಲ್ಕನೆಯ ಇಯತ್ತೆಯ ಪರೀಕ್ಷೆ ಪಾಸಾದರೆ ಮುಂದೆ ಮೊರಬದ ದೊಡ್ಡ ಶಾಲೆಗೆ ಇಬ್ಬರೂ ಕೂಡಿ ನಡೆದು ಹೋಗುವುದೆಂದು ಮಾತಾಗಿತ್ತು. ಆಕೆ ಮುಂದೆ, ನಾನು ಹಿಂದೆ, ಯಾಕೆಂದರೆ ನಾಯಿಗಳಿಗೆ ನಾನು ಹೆದರುತ್ತಿದ್ದೆ.

ಆ ವರ್ಷ ಕೆರೆ ಬತ್ತಿತು. ಮೊದಲು ಅಂಚಿನ ಕಲ್ಲುಗಳು ಕಂಡವು, ಆಮೇಲೆ ನಾವೆಂದೂ ನೋಡಿರದ ಮೆಟ್ಟಿಲುಗಳು, ಆಮೇಲೆ ಬಿರುಕುಬಿಟ್ಟ ಕೆಸರು. ಊರಿನವರು ಹಳ್ಳಕ್ಕೆ ಇಳಿದು ಉಸುಕು ತೋಡಿ ವರ್ತಿ ಮಾಡಿದರು. ವರ್ತಿ ಎಂದರೆ ಮಂಡಿಯುದ್ದದ ಗುಂಡಿ. ಅದರ ತಳದಲ್ಲಿ ನೀರು ಒಸರುತ್ತದೆ, ಚಿಪ್ಪಿನಿಂದ ತೋಡಿ ತೋಡಿ ಕೊಡ ತುಂಬಬೇಕು. ಹತ್ತಾರು ಕಡೆ ತೋಡಿದರೂ ಸಿಹಿ ನೀರು ಬಂದದ್ದು ಒಂದೇ ವರ್ತಿಗೆ. ಒಣ ಕಾಲುವೆಯೇ ಅಲ್ಲಿಗೆ ಹೋಗುವ ದಾರಿಯಾಯಿತು. ನೀರಿಗಾಗಿ ತೋಡಿದ ಕಾಲುವೆಯಲ್ಲಿ ನಾವು ಖಾಲಿ ಕೊಡ ಹೊತ್ತು ನಡೆಯುತ್ತಿದ್ದೆವು. ಬೆಳಗಾಗುವಷ್ಟರಲ್ಲಿ ಆ ವರ್ತಿಯಲ್ಲಿ ಒಂಬತ್ತು ಕೊಡ ನೀರು ಕೂಡಿರುತ್ತಿತ್ತು. ಮೊದಲ ಒಂಬತ್ತು ಕೊಡಗಳು ಹೊತ್ತು ಏರುವುದರೊಳಗೆ ತುಂಬುತ್ತಿದ್ದವು. ಆಮೇಲೆ ಬಂದವರು ಒಂದೊಂದು ಚಿಪ್ಪಿಗೂ ಕಾಯಬೇಕು, ಒಂದು ಕೊಡ ತುಂಬಲು ಒಂದು ಬುಟ್ಟಿ ರೊಟ್ಟಿ ಬಡಿಯುವಷ್ಟು ಹೊತ್ತು. ಹಾಗಾಗಿ ಹೆಂಗಸರು ನಸುಕಿನಲ್ಲೇ ಕೊಡ ಸಾಲಾಗಿಟ್ಟು ಪಾಳಿ ಹಚ್ಚುತ್ತಿದ್ದರು. ಮಮ್ತಾಜ್ ತನ್ನ ಮನೆಯ ಎರಡು ಕೊಡ ಹಚ್ಚುತ್ತಿದ್ದಳು, ಯಾವಾಗಲೂ ಏಳನೆಯದು, ಎಂಟನೆಯದು.

ಮೀಸಲ ನೀರಿಗೆ ಮಾತ್ರ ಪಾಳಿ ಇರಲಿಲ್ಲ. ನಾನು ವಿಭೂತಿ ಹಚ್ಚಿಕೊಂಡು ತಾಮ್ರದ ಕೊಡ ಹಿಡಿದು ಇಳಿದರೆ ಯಾರಾದರೂ ಒಬ್ಬರು ಕೂಗುತ್ತಿದ್ದರು.

"ದೇವರ ನೀರು ಬಂತು, ಸರೀರಿ, ಸರೀರಿ."

ಕೊಡಗಳು ಬಾಜೂ ಸರಿಯುತ್ತಿದ್ದವು. ನಾನು ತುಂಬಿಕೊಂಡು ಯಾರ ಮುಖವನ್ನೂ ನೋಡದೆ ಬಂದುಬಿಡುತ್ತಿದ್ದೆ. ಬರಗಾಲವೆಂದು ಆಯಿ ಒಂದು ನಿಯಮ ಸಡಿಲಿಸಿದ್ದಳು: ಮೊದಲಿನ ಹಾಗೆ ಮೈಮೇಲೆ ನೀರು ಹಾಕಿಕೊಂಡು ಹೋಗಬೇಕಾಗಿರಲಿಲ್ಲ, ಭಸ್ಮ ಧರಿಸಿದರೆ ಅದೇ ಜಳಕ. ಮಾತಿನ ನಿಯಮ ಮಾತ್ರ ಹಾಗೇ ಇತ್ತು. ನನ್ನದು ಒಂದೇ ಸಣ್ಣ ಕೊಡವಾದ್ದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಮಮ್ತಾಜಳ ಕೊಡಗಳು ಎಂಟು, ಒಂಬತ್ತಕ್ಕೆ ಸರಿಯುತ್ತಿದ್ದವು, ಆಕೆಯೂ ಶಾಲೆಯ ಗಂಟೆಗೆ ಸರಿಯಾಗಿ ಬರುತ್ತಿದ್ದಳು.

ಮನೆಯ ನೀರಿಗಾಗಿ ಪಾಳಿ ಹಚ್ಚುವವಳು ಅವ್ವ. ಆಗ ಸರಕಾರದವರು ಬತ್ತಿದ ಕೆರೆಯ ಹೂಳೆತ್ತುವ ಕೆಲಸ ತೆಗೆದರು. ಹೊತ್ತು ಮೂಡುವಾಗ ಬುಟ್ಟಿ ಸಲಿಕೆ ಹಿಡಿದು ನಿಂತವರಿಗಷ್ಟೇ ಕೆಲಸ. ಅವ್ವ ಅಲ್ಲಿಗೆ ಹೋಗತೊಡಗಿದಳು, ಪಾಳಿ ತಪ್ಪಿತು. ಎರಡು ದಿನ ನಾನು ಪಾಳಿಯಲ್ಲಿ ಕೂತೆ, ಎರಡು ದಿನವೂ ಶಾಲೆ ತಪ್ಪಿತು. ಮೂರನೆಯ ದಿನ ಬೆಳಿಗ್ಗೆ ನಾನು ಮೀಸಲ ನೀರನ್ನು ಜಗಲಿಗೆ ಇಳಿಸಿ ಹಿತ್ತಲಿಗೆ ಬಂದೆ. ಅವ್ವ ಹಿತ್ತಾಳೆಯ ದೊಡ್ಡ ಕೊಡ ಹಿಡಿದು ನಿಂತಿದ್ದಳು. ಬೆರಳಿನಲ್ಲಿ ವಿಭೂತಿ ಇತ್ತು. ನನ್ನ ಹಣೆಯಲ್ಲಿ ಅಳಿಸಿದ ಗೆರೆಗಳ ಮೇಲೆ ಮತ್ತೆ ಎಳೆದಳು.

"ಇನ್ನೊಂದು ಕೊಡ ತಗೊಂಡು ಬಾ. ಹಿತ್ತಲ ಬಾಗಲಿಂದ ಬಾ, ಆಯಿಗೆ ಕೇಳಸೂದು ಬ್ಯಾಡ."

"ಇದು ಮೀಸಲ ಅಲ್ಲಲ್ಲಬೇ? ವಿಭೂತಿ ಯಾಕ?"

"ನಿನಗ ಯಾರು ಕೇಳ್ತಾರ? ಕೇಳಿದ್ರೂ ನೀ ಮಾತಾಡೂ ಹಂಗಿಲ್ಲ. ಮಾತಾಡಲಿಲ್ಲ ಅಂದ್ರ ಸುಳ್ಳು ಹೇಳಿದಂಗ ಆಗೂದಿಲ್ಲ. ಗಂಟಿ ಹೊಡಿಯೂದ್ರಾಗ ನೀ ಸಾಲ್ಯಾಗ ಇರಬೇಕು, ನಡಿ."

ನಾನು ನಡೆದೆ. ಹೆಂಗಸರು ಸರಿದರು. ಒಬ್ಬಾಕೆ ಹಿತ್ತಾಳೆ ಕೊಡ ನೋಡಿ, ಏನೋ ದೊಡ್ಡ ಪೂಜೆ ಹಿಡಿದಿದ್ದಾರೆ ಎಂದಳು. ಇನ್ನೊಬ್ಬಾಕೆ, ಮಳೆಗಾಗಿ ಇದ್ದೀತು ಎಂದಳು. ಅಷ್ಟೇ ಸಾಕಾಯಿತು, ಊರು ತಾನೇ ನಮ್ಮ ಪರವಾಗಿ ಸುಳ್ಳು ಕಟ್ಟಿಕೊಂಡಿತು. ಒಂದು ವಾರದಲ್ಲಿ ನನ್ನ ಫೇರಿ ಮೂರಾದವು: ತಾಮ್ರದ್ದೊಂದು, ಹಿತ್ತಾಳೆಯದು ಎರಡು. ಮೂರನೆಯ ಫೇರಿಗೆ ಸೊಂಟ ಕಿತ್ತುಹೋಗುವಂತಾಗುತ್ತಿತ್ತು, ಆದರೆ ಗಂಟೆಗೆ ಸರಿಯಾಗಿ ಶಾಲೆಯಲ್ಲಿರುತ್ತಿದ್ದೆ. ಮಳೆಗಾಗಿ ಆಯಿ ಮಾಡುತ್ತಿದ್ದಾಳೆಂದು ಜನ ನಂಬಿದ ಆ ಪೂಜೆಯ ನೀರಿನಲ್ಲಿ ನಮ್ಮ ಮನೆಯಲ್ಲಿ ಬೇಳೆ ಬೇಯುತ್ತಿತ್ತು.

ಮಮ್ತಾಜ್ ಶಾಲೆಗೆ ಬರುವುದು ನಿಂತಿತು. ಮೊದಲು ತಡವಾಗಿ ಬಂದಳು, ಮಾಸ್ತರು ಹೊರಗೆ ನಿಲ್ಲಿಸಿದರು. ಆಮೇಲೆ ಮಧ್ಯಾಹ್ನದ ಮೇಲೆ ಬಂದಳು. ಆಮೇಲೆ ಬರಲಿಲ್ಲ. ಪಾಟಿಯ ಎರಡೂ ಬದಿ ನನ್ನವಾದವು, ಒಂದೂ ಲೆಕ್ಕ ಬರುತ್ತಿರಲಿಲ್ಲ. ಯಾಕೆಂದು ನನಗೆ ತಿಳಿಯಲಿಲ್ಲವೆಂದು ಬರೆದರೆ ಓದುವವರು ನಂಬಿಯಾರು, ಹತ್ತು ವರ್ಷದ ಕೂಸಿಗೆ ಏನು ತಿಳಿದೀತು ಎಂದಾರು. ನನಗೆ ತಿಳಿದಿತ್ತು. ಲೆಕ್ಕದಲ್ಲಿ ದಡ್ಡಿಯಾದರೂ ಈ ಲೆಕ್ಕ ನನಗೆ ಬಂದಿತ್ತು. ಏಳಕ್ಕೆ ಮೂರು ಕೂಡಿಸಿದರೆ ಹತ್ತು, ನೀರು ಒಂಬತ್ತಕ್ಕೆ ಮುಗಿಯುತ್ತದೆ. ಪ್ರತಿ ಬೆಳಿಗ್ಗೆ ಆಕೆ ಬಗ್ಗಿ ತನ್ನ ಎರಡು ಕೊಡಗಳನ್ನು ಬಾಜೂ ಸರಿಸಿ ನನಗೆ ದಾರಿ ಮಾಡಿಕೊಡುತ್ತಿದ್ದಳು. ನನ್ನ ಬಾಯಿ ಕಟ್ಟಿದೆ ಎಂದು ಆಕೆಗೆ ಗೊತ್ತು. ಅದಕ್ಕೆ ಕಣ್ಣಲ್ಲೇ ನಕ್ಕು, ನಾನು ನಗದೇ ಇದ್ದುದಕ್ಕೆ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.

ಒಂದು ರವಿವಾರ ಮೌಲಾಬಿ ಒಯ್ದಿದ್ದ ಕಾಳು ಕೇರುವ ಮರ ಹಿಂದಿರುಗಿಸಲು ನಮ್ಮ ಮನೆಗೆ ಬಂದಳು. ಅವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಆಯಿ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು, ನಾನು ಆಕೆಯ ಮೊಣಕಾಲು ತಿಕ್ಕುತ್ತಿದ್ದೆ. ಮೌಲಾಬಿ ಎಂದಿನಂತೆ ಗದ್ದಲ ಮಾಡದೆ ಹೊಸ್ತಿಲ ಬಳಿ ಕೂತಳು.

"ಆಯಿ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ದೇವರಿಗೆ ದಿನಾ ಮೂರು ಕೊಡ ನೀರು ಬೇಕಾಗ್ತಾವೇನ್ರಿ?"

ಅವ್ವನ ಮರ ನಿಂತಿತು.

"ಯಾಕವಾ, ಹಂಗ್ಯಾಕ ಕೇಳ್ತಿ?" ಎಂದಳು ಆಯಿ.

"ಏನಿಲ್ರಿ. ದೇವರ ನೀರು ಮುಂದ ಹೋಗಬೇಕು, ಅದು ಖರೇನ. ಮಮ್ತಾಜ್ ಸಾಲಿ ಬಿಟ್ಟು ಅಲ್ಲೇ ಕುಂದ್ರತೈತಿ. ನಿಮ್ಮ ಪೂಜಿ ಎಂದು ಮುಗಿತೈತಿ ಅಂತ ಗೊತ್ತಾದ್ರ ಮಾಸ್ತರಿಗೆ ಹೇಳಿ ಬರ್ತಿದ್ದೆ, ಇಷ್ಟು ದಿನ ಬರೂದಿಲ್ರಿ ಅಂತ."

ಆಯಿ ಅವ್ವನನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಮೊಣಕಾಲು ತಿಕ್ಕುವುದನ್ನು ನಿಲ್ಲಿಸಲಿಲ್ಲ. ಆಕೆಯ ಕೈ ಎದೆಯ ಮೇಲಿನ ಲಿಂಗದ ಕರಡಿಗೆಯ ಮೇಲೆ ಹೋಯಿತು.

"ಮುಗೀತವಾ. ನಾಳಿಂದ ಒಂದ ಕೊಡ," ಎಂದಳು.

ಮೌಲಾಬಿ ಎರಡೂ ಕೈ ಜೋಡಿಸಿ, ಮಳೆ ಬರಲಿ ತಾಯಿ ಎಂದು ಹೇಳಿ ಎದ್ದು ಹೋದಳು. ಆಮೇಲೆ ಆದ ಜಗಳವನ್ನು ನಾನು ಮರೆತಿಲ್ಲ. ಅತ್ತೆ ಸೊಸೆ ಅದಕ್ಕೆ ಮುಂಚೆ ಉಪ್ಪಿಗೆ ಮೆಣಸಿಗೆ ಜಗಳಾಡುತ್ತಿದ್ದರು, ಆದರೆ ಆ ಹೊತ್ತು ಇಬ್ಬರೂ ದನಿ ಏರಿಸಲಿಲ್ಲ.

"ಗಿರಿಜಾ, ನನ್ನ ಲಿಂಗ ಮೂರು ಕೊಡ ನೀರು ಯಾವಾಗ ಕುಡೀತು?"

"ನಿಮ್ಮ ಲಿಂಗ ಒಂದು ತಂಬಿಗಿ ಕುಡದು ಸುಮ್ಮನಿರತೈತ್ರಿ ಅತ್ತಿ. ಮನ್ಯಾಗಿನ ಹೊಟ್ಟಿ ಸುಮ್ಮನಿರೂದಿಲ್ಲ."

"ಪಾಳಿ ಹಚ್ಚಬೇಕಿತ್ತು."

"ಯಾರು ಹಚ್ಚಬೇಕ್ರಿ? ನಾ ಹಚ್ಚಿದ್ರ ಕೆಲಸಕ್ಕ ಯಾರು ಹೋಗ್ತಾರ? ಇಕಿ ಹಚ್ಚಿದ್ರ ಸಾಲಿಗೆ ಯಾರು ಹೋಗ್ತಾರ?"

"ಮೌಲಾಬಿ ಮಗಳೂ ಹುಡುಗಿನ ಹೌದಲ್ಲೇನು?"

"ಹೌದ್ರಿ," ಎಂದಳು ಅವ್ವ. "ಆದ್ರ ಆಕಿ ನನ್ನ ಹುಡುಗಿ ಅಲ್ಲ."

ಇದನ್ನು ಅವ್ವ ಹಲ್ಲು ಕಚ್ಚಿ ಹೇಳಲಿಲ್ಲ, ಅಳುತ್ತಲೂ ಹೇಳಲಿಲ್ಲ. ಜೋಳದೊಳಗಿನ ಹರಳು ಆರಿಸಿ ಬಾಜೂ ಇಡುತ್ತಾ ಹೇಳಿದಳು. ನಾನು ಎಷ್ಟೋ ವರ್ಷ ಆ ಮಾತಿಗೆ ಅವ್ವನ ಮೇಲೆ ಸಿಟ್ಟಿಟ್ಟುಕೊಂಡೆ. ಆ ಸಿಟ್ಟು ಇಟ್ಟುಕೊಳ್ಳುವಷ್ಟು ಓದು ನನಗೆ ಸಿಕ್ಕದ್ದೂ ಆ ಮಾತಿನಿಂದಲೇ. ಈಗ ನನಗೆ ಸಿಟ್ಟಿಲ್ಲ. ಆದರೆ ಆಕೆ ಮಾಡಿದ್ದು ಸರಿ ಎನ್ನಲು ಬಾಯಿ ಬರುವುದಿಲ್ಲ.

ಆಯಿ ಅವ್ವನ ಜೊತೆ ಮಾತು ಬೆಳೆಸಲಿಲ್ಲ. ನನ್ನ ಕಡೆ ತಿರುಗಿದಳು.

"ಕಸ್ತೂರಿ, ನಾಳೆ ಹೋಗಿ ಎಲ್ಲಾರ ಮುಂದ ಹೇಳು, ಎರಡು ಕೊಡ ಮೀಸಲಲ್ಲ, ಮನಿಗೆ ಒಯ್ದೇವಿ ಅಂತ. ಮೌಲಾಬಿ ಮುಂದ ನನ್ನ ಬಾಯಿಂದನೂ ಖರೇ ಮಾತು ಬರಲಿಲ್ಲ. ನನಗ ಅಲ್ಲೀತನಾ ನಡ್ಯಾಕ ಆಗೂದಿಲ್ಲ, ಇಲ್ಲಂದ್ರ ನಾನ ಹೋಗ್ತಿದ್ದೆ. ನೀ ಹೇಳಿ ಬರೂ ತನಕ ಈ ಮನಿ ನೀರು ನನಗ ಬ್ಯಾಡ."

ಆ ಸಂಜೆ ಆಯಿ ನೀರು ಮುಟ್ಟಲಿಲ್ಲ. ನೀರಿಲ್ಲದೆ ರೊಟ್ಟಿ ಇಳಿಯದು ಎಂದು ಊಟವನ್ನೂ ಮಾಡಲಿಲ್ಲ. ಅವ್ವ ಎರಡು ಸಲ ತಂಬಿಗೆ ತಂದಿಟ್ಟು ಎರಡು ಸಲ ಎತ್ತಿಕೊಂಡು ಹೋದಳು. ಬೇಸಿಗೆಯ ಧಗೆಯಲ್ಲಿ ಆಕೆಯ ತುಟಿ ಒಡೆದದ್ದನ್ನು ನೋಡುತ್ತಾ ನಾನು ಮಾತುಗಳನ್ನು ಬಾಯಿಪಾಠ ಮಾಡಿಕೊಂಡೆ. ಎರಡು ಕೊಡ ಮೀಸಲಲ್ಲ, ಮನಿಗೆ ಒಯ್ದೇವಿ.

ಬೆಳಿಗ್ಗೆ ವಿಭೂತಿ ಹಚ್ಚಿಕೊಳ್ಳದೆ ತಾಮ್ರದ ಕೊಡ ಹಿಡಿದು ಹೊರಟೆ. ಹೇಳಿದ ಮೇಲೆ ಹಳ್ಳದ ಬದಿಯಲ್ಲೇ ಹಣೆಗೆ ಹಚ್ಚಿಕೊಂಡು, ಆಮೇಲೆ ಬಾಯಿ ಕಟ್ಟಿ ನೀರು ತರುವುದೆಂದು ಆಯಿ ವಿಭೂತಿಯ ಉಂಡೆಯನ್ನು ಅರಿವೆಯ ಚೂರಿನಲ್ಲಿ ಗಂಟು ಕಟ್ಟಿ ಕೊಟ್ಟಿದ್ದಳು. ಕಾಲುವೆಯುದ್ದಕ್ಕೂ ಆ ಮಾತುಗಳನ್ನೇ ಮನಸ್ಸಿನಲ್ಲಿ ಹೇಳಿಕೊಂಡೆ. ಹಳ್ಳಕ್ಕೆ ಇಳಿದೆ. ಹಣೆ ಬರಿದಾಗಿದ್ದುದನ್ನು ಯಾರೂ ಗಮನಿಸಲಿಲ್ಲ. ನನ್ನ ಮುಖ ಕಂಡರೆ ಸಾಕು, ಅವರಿಗೆ ರೂಢಿಯಾಗಿತ್ತು. ದೇವರ ನೀರು ಬಂತೆಂದು ಯಾರೋ ಕೂಗಿದರು, ಕೊಡಗಳು ಸರಿದವು. ಮಮ್ತಾಜಳ ಎರಡು ಕೊಡಗಳೂ ಸರಿದವು. ನಾನು ವರ್ತಿಯ ಅಂಚಿನಲ್ಲಿ ನಿಂತು ಎಲ್ಲರ ಕಡೆ ತಿರುಗಿ ಬಾಯಿ ತೆರೆದೆ.

"ಎರಡು..." ಎಂದೆ.

ಅಷ್ಟರಲ್ಲಿ ಮಮ್ತಾಜ್ ಜಿಗಿದು ಬಂದು ನನ್ನ ಬಾಯಿಯ ಮೇಲೆ ಕೈ ಇಟ್ಟಳು. ಹಸಿ ಉಸುಕು ಹತ್ತಿದ ಅಂಗೈ.

"ಏ ಹುಚ್ಚಿ, ಮಾತಾಡಬ್ಯಾಡ, ನೀರು ಕೆಡತೈತಿ," ಎಂದು ಕಿವಿಯಲ್ಲಿ ಹೇಳಿದಳು. "ವಿಭೂತಿನೂ ಮರತು ಬಂದೀದಿ. ನಾ ಯಾರಿಗೂ ಹೇಳಂಗಿಲ್ಲ. ಲಗೂನ ತುಂಬಕೋ, ಆಯಿ ಉಪಾಸ ಕುಂತಿರತಾಳ."

ಆಕೆಯ ಕೈಯನ್ನು ಸರಿಸಿ ಮಾತು ಮುಗಿಸಬಹುದಿತ್ತು. ಒಂದು ಉಸಿರಿನ ಕೆಲಸ. ನಾನು ಸುಮ್ಮನಾದೆ. ಹೆದರಿಕೆಯಿಂದ ಎಂದು ಹೇಳಿಕೊಳ್ಳಬಹುದು, ಆದರೆ ಅದಲ್ಲ. ಆ ಅಂಗೈ ಬಾಯಿ ಮುಚ್ಚಿದಾಗ ನನಗೆ ಹಾಯೆನಿಸಿತು. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಲಾರದೆ ಹೋದದ್ದು ಆ ಹಾಯೆನಿಸಿದ್ದಕ್ಕೇ. ನಾನು ಗಂಟು ಬಿಚ್ಚಿ ಹಣೆಗೆ ವಿಭೂತಿ ಹಚ್ಚಿಕೊಳ್ಳುವಷ್ಟರಲ್ಲಿ ಆಕೆಯೇ ಚಿಪ್ಪಿನಿಂದ ತೋಡಿ ತೋಡಿ ನನ್ನ ಕೊಡ ತುಂಬಿದಳು, ಸೊಂಟಕ್ಕೆ ಎತ್ತಿಟ್ಟಳು, ನಾನು ಮನೆಗೆ ಬಂದೆ.

ಆಯಿ ಜಗಲಿಯ ಮುಂದೆ ಕೂತಿದ್ದಳು.

"ಹೇಳಿದೇನು?"

ಕೊಡ ಇಳಿಸುವವರೆಗೆ ನಾನು ಮಾತಾಡುವಂತಿರಲಿಲ್ಲ. ತಲೆ ಆಡಿಸಿದೆ, ಹೌದೆಂದು. ಕೊಡ ಇಳಿಸಿದ ಮೇಲೂ ಬೇರೆ ಏನೂ ಹೇಳಲಿಲ್ಲ. ಆಯಿ ಕಣ್ಣು ಮುಚ್ಚಿ ಕೈ ಮುಗಿದಳು. ಆಮೇಲೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ನೀರೆರೆದಳು, ಪತ್ರಿ ಏರಿಸಿದಳು, ಮತ್ತು ಹಿಂದಿನ ದಿನದ ಜಗಳದ ನಂತರ ಮೊದಲ ಸಲ ನೀರು ಕುಡಿದಳು. ಗಂಟಲಿನಿಂದ ನೀರು ಇಳಿಯುವ ಸದ್ದು ಕೇಳಿಸಿತು. ನನ್ನ ತಲೆಯ ಮೇಲೆ ಕೈಯಿಟ್ಟು, ದೊಡ್ಡಾಕಿ ಆದಿ ಎಂದಳು. ಮುಂದಿನ ಚಳಿಗಾಲದಲ್ಲಿ ಆಯಿ ತೀರಿಕೊಂಡಳು, ನನ್ನ ತಲೆಯಾಡಿಸಿದ್ದನ್ನು ನಂಬಿಕೊಂಡೇ.

ಅಂದಿನಿಂದ ಒಂದೇ ಕೊಡವಾಯಿತು. ಅವ್ವ ಮೊದಲ ಕೋಳಿಗೇ ಎದ್ದು ಪಾಳಿ ಹಚ್ಚಿ, ನೀರು ತಂದಿಟ್ಟು, ಓಡಿ ಕೆಲಸಕ್ಕೆ ಹೋಗತೊಡಗಿದಳು. ಮಮ್ತಾಜಳಿಗೆ ಹೊತ್ತಿಗೆ ಸರಿಯಾಗಿ ನೀರು ಸಿಕ್ಕಿತು. ಆದರೆ ಪರೀಕ್ಷೆಗೆ ಎಂಟು ದಿನ ಉಳಿದಿತ್ತು, ತಿಂಗಳು ತಪ್ಪಿಸಿದವಳನ್ನು ಕೂಡಿಸುವುದಿಲ್ಲ, ಬರುವ ವರ್ಷ ಬರಲಿ ಎಂದು ಮಾಸ್ತರು ಹೇಳಿದರು. ಮೌಲಾಬಿ ಜಗಳ ತೆಗೆಯಲಿಲ್ಲ. ಕಂಡಿಕೆಯ ನೂಲು ತೂಕದಲ್ಲಿ ಕಡಿಮೆ ಬಂದರೆ ಇಡೀ ಓಣಿ ಎಬ್ಬಿಸುವ ಮೌಲಾಬಿ, ದೇವರ ಕೆಲಸಕ್ಕ ಹೋತು, ಹೋಗಲಿ ಬಿಡ್ರಿ ಎಂದು ಶಾಲೆಯ ಬಾಗಿಲಿನಿಂದ ಹಿಂದಿರುಗಿದಳು. ದೇವರ ಮೇಲೆ ಯಾರು ಜಗಳಕ್ಕೆ ಹೋಗುತ್ತಾರೆ? ಅದು ದೇವರಲ್ಲ, ಗಿರಿಜವ್ವನ ಉಪಾಯ ಎಂದು ತಿಳಿದಿದ್ದರೆ ಆಕೆ ನಮ್ಮ ಮನೆಯ ಮುಂದೆ ನಿಂತು ಊರು ಕೂಡಿಸುತ್ತಿದ್ದಳು, ಮಾಸ್ತರ ಕೊರಳಪಟ್ಟಿ ಹಿಡಿಯುತ್ತಿದ್ದಳು, ಮಗಳನ್ನು ಪರೀಕ್ಷೆಗೆ ಕೂಡಿಸಿಯೇ ತೀರುತ್ತಿದ್ದಳು. ನಾನು ಒಯ್ದದ್ದು ಬರೀ ನೀರಲ್ಲ, ಆ ಜಗಳವನ್ನೂ ಒಯ್ದಿದ್ದೆ. ಮಳೆಗಾಲ ಬಂತು, ಕೆರೆಗೆ ನೀರು ಬಂತು, ಶಾಲೆ ಶುರುವಾಯಿತು. ಅಷ್ಟರಲ್ಲಿ ಮಮ್ತಾಜಳ ಕೈ ಕಂಡಿಕೆಗೆ ಪಳಗಿತ್ತು. ಮೊರಬಕ್ಕೆ ನಾನೊಬ್ಬಳೇ ನಡೆದು ಹೋದೆ.

ನಾನು ಮಾಸ್ತರಾದೆ, ಆಮೇಲೆ ಹೆಡ್ ಮಾಸ್ತರಾದೆ. ಮೂವತ್ತೈದು ವರ್ಷ ಮಕ್ಕಳಿಗೆ 'ಬಾಯಿ ಬಿಟ್ಟು ಹೇಳ್ರಿ' ಎಂದು ಗದರಿದೆ. ನಾಲ್ಕನೆಯ ಇಯತ್ತೆಯ ಹುಡುಗಿ ಎರಡು ದಿನ ಬರಲಿಲ್ಲವೆಂದರೆ ಮನೆಗೆ ಹೋಗಿ ನಿಲ್ಲುತ್ತಿದ್ದೆ. ಜನ ಅದನ್ನು ನನ್ನ ದೊಡ್ಡ ಗುಣವೆಂದು ನಿವೃತ್ತಿಯ ದಿನ ಭಾಷಣ ಮಾಡಿ, ಶಾಲು ಹೊದಿಸಿದರು. ನಾನು ಶಾಲು ಹೊದ್ದುಕೊಂಡು ಕೂತಿದ್ದೆ.

ಹೋದ ಬೇಸಿಗೆಯಲ್ಲಿ ಹೊಲದ ಕಾಗದಕ್ಕೆಂದು ಊರಿಗೆ ಹೋದಾಗ ಮಮ್ತಾಜಳ ಮನೆಗೆ ಹೋದೆ. ಊರಲ್ಲೇ ಸೋದರಮಾವನ ಮಗನಿಗೆ ಕೊಟ್ಟಿದ್ದರಿಂದ ಆಕೆ ಅದೇ ಓಣಿಯಲ್ಲಿದ್ದಾಳೆ. ಈಗ ಊರಿಗೆ ನಳ ಬಂದಿದೆ, ನೀರು ವಾರಕ್ಕೊಮ್ಮೆ ಬರುತ್ತದೆ. ಬಾಗಿಲ ಮುಂದೆ ನೀಲಿ ಬ್ಯಾರಲ್ಲುಗಳ ಸಾಲು. ಆಕೆಯ ಮಗಳ ಮಗಳು ಒಳಗೆ ಪರೀಕ್ಷೆಗೆ ಓದುತ್ತಿದ್ದಳು. ನಾನು ಬಂದೆನೆಂದು ಮಮ್ತಾಜ್ ಅವಳನ್ನು ಕರೆದು ಪಕ್ಕದಲ್ಲಿ ಕೂಡಿಸಿಕೊಂಡಳು. ನನ್ನ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಆ ಹುಡುಗಿಗೆ ಹೇಳತೊಡಗಿದಳು.

"ಇವರ ಆಯಿ ಮಳಿಗಾಗಿ ದೊಡ್ಡ ಪೂಜಿ ಹಿಡಿದಿದ್ರು. ದೇವರ ನೀರಿಗೆ ನಾ ದಿನಾ ಪಾಳಿ ಬಿಟ್ಟುಕೊಡ್ತಿದ್ದೆ, ಸಾಲಿ ಹೋದ್ರೂ ಹೋಗಲಿ ಅಂತ. ಆ ವರ್ಷ ಮಳಿ ಬಂತು ನೋಡು, ಕೆರಿ ತುಂಬಿ ಕೋಡಿ ಬಿತ್ತು. ಅದರಾಗ ನಂದೂ ಒಂದು ಪಾಲು ಐತಿ. ಅಲ್ಲೇನ ಕಸ್ತೂರಿ?"

ಹುಡುಗಿ ಅಜ್ಜಿಯನ್ನು ಮೆಚ್ಚುಗೆಯಿಂದ ನೋಡುತ್ತಿದ್ದಳು. ಈ ಕತೆಯನ್ನು ಆಕೆ ಮೊದಲೂ ಕೇಳಿದ್ದಳೆಂದು ಆ ನೋಟದಿಂದ ತಿಳಿಯುತ್ತಿತ್ತು. ಹೌದೆಂದು ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ನನಗೆ ಆಗಲಿಲ್ಲ. ಇನ್ನೊಂದು ಸಲ ತಲೆಯಾಡಿಸಿದರೆ ನಾನು ಸಾಯುವಾಗಲೂ ಹೀಗೇ ಸಾಯುತ್ತೇನೆ ಎನಿಸಿತು. ಹೇಳಿಬಿಟ್ಟೆ. ಎರಡು ಕೊಡ ಮೀಸಲಾಗಿರಲಿಲ್ಲ, ಪೂಜೆ ಇರಲಿಲ್ಲ, ನನ್ನ ಶಾಲೆ ತಪ್ಪಬಾರದೆಂದು ಅವ್ವ ಮಾಡಿದ್ದು, ನನಗೆ ಎಲ್ಲ ಗೊತ್ತಿತ್ತು, ಅವತ್ತು ನೀನು ಬಾಯಿ ಮುಚ್ಚಿದಾಗ ನಾನು ಇದನ್ನೇ ಹೇಳಲು ಬಂದಿದ್ದೆ, ಎಲ್ಲವನ್ನೂ ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ಎದೆ ಹಗುರಾಗುತ್ತಿತ್ತು; ಅವಳ ಬೈಗುಳಕ್ಕೆ, ಬೇಕಾದರೆ ಹೊಡೆತಕ್ಕೂ ನಾನು ತಯಾರಾಗಿದ್ದೆ.

ಮಮ್ತಾಜ್ ಬೈಯಲಿಲ್ಲ. ನನ್ನ ಕೈಯನ್ನು ಮೆಲ್ಲಗೆ ನನ್ನ ತೊಡೆಯ ಮೇಲೆ ಇಟ್ಟಳು. ಬ್ಯಾರಲ್ಲುಗಳ ಕಡೆ ತಿರುಗಿ ಕೂತಳು. ಹುಡುಗಿ ಒಮ್ಮೆ ನನ್ನ ಮುಖ, ಒಮ್ಮೆ ಅಜ್ಜಿಯ ಮುಖ ನೋಡಿದಳು.

"ಹಂಗಾದ್ರ ನಾನಿ," ಎಂದಳು, "ನೀ ಸಾಲಿ ಬಿಟ್ಟಿದ್ದು ಯಾಕ?"

ಮಮ್ತಾಜ್ ಸೆರಗು ಸರಿಮಾಡಿಕೊಂಡಳು.

"ನೀರಿರಲಿಲ್ಲ ಬೇಟಾ," ಎಂದಳು. "ಅದಕ್ಕ ಬಿಟ್ಟೆ. ಎಲ್ಲಾರೂ ಬಿಟ್ಟಂಗ."